ಜೇವರ್ಗಿಯ ಹೆಂಗಸು

ನನ್ನ ಮಗಳು ಹುಟ್ಟಿದಾಗ ಎರಡೂ ಪಾದ ಒಳಕ್ಕೆ ಮಡಚಿಕೊಂಡಿದ್ದವು. ಗ್ರಹಣದ ದಿನ ನಾನು ಹೊರಗೆ ಬಂದಿರಬೇಕೆಂದು ಅತ್ತೆಗೆ ಅನುಮಾನ. ನನ್ನ ಅನುಮಾನವೆಲ್ಲ ಆಸ್ಪತ್ರೆಯ ಮೇಲೆ.

ಆಪರೇಷನ್ ಬೇಡ, ಪ್ಲಾಸ್ಟರಿನಲ್ಲೇ ಪಾದ ತಿರುಗುತ್ತದೆ ಎಂದಿದ್ದರು ಡಾಕ್ಟರು. ಅಫಜಲಪುರದಿಂದ ಕಲಬುರಗಿಗೆ ವಾರವಾರವೂ ಕೂಸನ್ನು ಒಯ್ಯುತ್ತಿದ್ದೆ. ಹಳೆಯದನ್ನು ಬಿಚ್ಚಿ, ಪಾದವನ್ನು ಇನ್ನಷ್ಟು ಹೊರಕ್ಕೆ ತಂದು, ಹೊಸದು ಕಟ್ಟುತ್ತಿದ್ದರು. ಸುತ್ತ ನಿಂತ ಎಳೆಯ ಡಾಕ್ಟರುಗಳನ್ನು ಕಂಡಾಗಲೆಲ್ಲ, ಇವರ ಕಲಿಕೆಗೆ ನನ್ನ ಕೂಸಿನ ಕಾಲೇ ಬೇಕಿತ್ತೇ ಎನಿಸುತ್ತಿತ್ತು.

ಪಾದ ನೇರವಾಗುತ್ತ ಬಂದಾಗ ಡಾಕ್ಟರು, ಹಿಮ್ಮಡದ ನರ ಬಿಗಿಯಾಗಿದೆ, ಸಣ್ಣಗೆ ಕೊಯ್ಯಬೇಕು ಎಂದರು.

"ಕೊಯ್ಯಂಗಿಲ್ಲ ಅಂತ ನೀವೇ ಹೇಳಿದ್ರಿ," ಅಂದೆ.

ಹೊಲಿಗೆಯೂ ಬೇಕಾಗದಷ್ಟು ಚಿಕ್ಕದು ಎಂದು ಅವರು ಸಮಾಧಾನ ಹೇಳಿದರು. ಪಕ್ಕದಲ್ಲಿ ಮಗನನ್ನು ತೋರಿಸಲು ಬಂದಿದ್ದ ಜೇವರ್ಗಿಯ ಹೆಂಗಸೊಬ್ಬಳೂ, ತನ್ನ ಮಗನಿಗೆ ಹಾಗೇ ಮಾಡಿದ್ದರು, ಈಗ ಓಡಾಡುತ್ತಾನೆ ಎಂದಳು. ಇವಳನ್ನು ಆಸ್ಪತ್ರೆಯವರೇ ಕಲಿಸಿ ಕೂರಿಸಿರಬೇಕು ಅಂದುಕೊಂಡೆ. ಆದರೂ ಮನೆ ಎಲ್ಲಿ ಎಂದು ಕೇಳಿಟ್ಟುಕೊಂಡೆ.

ಮರುದಿನ ಯಾರಿಗೂ ಹೇಳದೆ, ಪ್ಲಾಸ್ಟರಿನ ಕೂಸನ್ನು ಎತ್ತಿಕೊಂಡು ಜೇವರ್ಗಿಯ ಬಸ್ಸು ಹತ್ತಿದೆ. ಅವಳು ಬಾಗಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹುಡುಗ ಕಟ್ಟೆ ಹತ್ತಿ ಇಳಿಯುತ್ತಿದ್ದ. ಅವನ ಅಂಗಾಲು ನೆಲಕ್ಕೆ ಪೂರ್ತಿ ಊರುತ್ತಿದೆಯೇ ಎಂದು ನಾನು ಬಗ್ಗಿ ನೋಡಿದೆ.

ಅವಳು ಸಿಟ್ಟಾಗಲಿಲ್ಲ. ಒಳಗೆ ಕರೆದು ಮೆಲ್ಲಗೆ ಹೇಳಿದಳು:

"ನಿನಗ ಪೂರಾ ಹೇಳಿಲ್ಲ ತಂಗಿ. ಆಮ್ಯಾಲ ಪಟ್ಟಿ ಇರೋ ಬೂಟು ಕೊಡ್ತಾರ. ಅಳ್ತಾನಂತ ನಾ ಅದನ್ನ ಬಿಚ್ಚಿಟ್ಟೆ. ಒಂದು ಕಾಲು ಮತ್ತ ತಿರುಗಿಬಿಡ್ತು. ಮೊದಲಿಂದ ಪ್ಲಾಸ್ಟರ್ ಹಾಕಿಸ್ಬೇಕಾತು. ಎಲ್ಲರ ಮುಂದ ಹೇಳಾಕ ನಾಚಿಕಿ ಬಂತು."

ಆಸ್ಪತ್ರೆಯವರು ಕಲಿಸಿ ಕೂರಿಸಿದವಳಾಗಿದ್ದರೆ ಇಂಥದ್ದನ್ನು ಹೇಳುತ್ತಿರಲಿಲ್ಲ. ಅವಳು ಕೊಟ್ಟ ಚಹಾ ಕುಡಿದು ಊರಿಗೆ ಮರಳಿದೆ.

ನರ ಕೊಯ್ಯುವಾಗ ಹೊರಗೆ ಕೂರಲು ಹೇಳಿದರು; ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಕೂಸು ಒಮ್ಮೆ ಜೋರಾಗಿ ಅತ್ತಿತು, ಅಷ್ಟರಲ್ಲಿ ಮುಗಿದಿತ್ತು. ಕೊನೆಯ ಪ್ಲಾಸ್ಟರ್ ತೆಗೆದ ಮೇಲೆ, ಎರಡು ಬೂಟುಗಳನ್ನು ಕಬ್ಬಿಣದ ಪಟ್ಟಿಯಿಂದ ಜೋಡಿಸಿದ್ದನ್ನು ಕೊಟ್ಟರು. ಮೊದಮೊದಲು ಅದನ್ನು ಹಾಕಿದರೆ ಮನೆಯೆಲ್ಲ ಅಳು. ಪಾಪ, ಬಿಚ್ಚಿಬಿಡು ಎಂದು ಅತ್ತೆ ಬೇಡಿಕೊಂಡರು. ಅವರಿಗೂ ಜೇವರ್ಗಿಯ ಹೆಂಗಸಿನ ಮಾತು ಹೇಳಿದೆ. ಆಮೇಲೆ ಅವರೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೂಟು ತೊಡಿಸತೊಡಗಿದರು.

ಮಗಳು ಈಗ ಅಂಗನವಾಡಿಗೆ ನಡೆದೇ ಹೋಗುತ್ತಾಳೆ. ಮಲಗುವಾಗ ಇನ್ನೂ ಬೂಟು ಹಾಕುತ್ತೇವೆ. ಬೆಳಿಗ್ಗೆ ಬಿಚ್ಚಿದ ಕೂಡಲೇ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ. ಡಾಕ್ಟರರ ಮೇಲೆ ಈಗ ಅನುಮಾನವಿಲ್ಲ, ಪಾದಗಳ ಮೇಲೆ ಮಾತ್ರ ಇನ್ನೂ ಇದೆ.