ಮ್ಯಾಗಜೀನಿಗೆ ಬಿಟ್ಟ ಎಳ್ಳೆಣ್ಣೆ

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಯಾವಾಗಲೋ ಒಂದು ಸ್ಪ್ರಿಂಗ್ ಚಿಮ್ಮಿ ಹೊಡೆದದ್ದಂತೆ. ಆ ಸೀಳಿನಲ್ಲೇ ಸಣ್ಣ ಸ್ಕ್ರೂ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು. ಒಂದೇ ಒಂದು ಸ್ಕ್ರೂ ಕೂಡ ಕೆಳಗೆ ಬಿದ್ದದ್ದನ್ನು ನಾನು ನೋಡಿಲ್ಲ.

ಜಪಾನಿನ ಹಮಾಮತ್ಸು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಅವರ ಅಂಗಡಿ. ಆಟದ ಬಂದೂಕುಗಳ ಅಂಗಡಿ. ಭಾನುವಾರ ಊರಾಚೆಯ ಮೈದಾನದಲ್ಲಿ ದೊಡ್ಡವರು ಎರಡು ಗುಂಪಾಗಿ ಪ್ಲಾಸ್ಟಿಕ್ ಗುಂಡು ಹೊಡೆದುಕೊಳ್ಳುವ ಏರ್‌ಸಾಫ್ಟ್ ಆಟ ಇಲ್ಲಿದೆ. ಮೋಟರ್‌ಸೈಕಲ್ ಕಂಪನಿಯಲ್ಲಿ ಎಂಜಿನಿಯರಾಗಿರುವ ನನ್ನ ತಮ್ಮ ಅದರ ಹುಚ್ಚು ಹಿಡಿಸಿಕೊಂಡಿದ್ದ. ಅವನದು ಮಹಾಯುದ್ಧದ ಕಾಲದ ಸಬ್‌ಮಷಿನ್ ಗನ್ನಿನ ನಕಲು. ಆ ಮಾದರಿಯ ತಯಾರಿಕೆ ನಿಂತು ಎಷ್ಟೋ ವರ್ಷವಾಗಿತ್ತು. ಹೆಗಲ ಪಟ್ಟಿ, ಚೀಲ, ಗುಂಡು ತುಂಬುವ ಮ್ಯಾಗಜೀನು, ಏನು ಬೇಕಾದರೂ ಹುಡುಕಬೇಕು. ತಮ್ಮನಿಗೆ ವಾರವಿಡೀ ಆಫೀಸು. ನಾನು ಇಂಡಿಯನ್ ಹೋಟೆಲಿನ ಅಡುಗೆಯವನು, ಮಂಗಳವಾರ ರಜೆ. ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ತಮ್ಮ ಕಳಿಸಿದ ಚಿತ್ರವನ್ನು ಫೋನಿನಲ್ಲಿ ತೋರಿಸಿದರೆ ಅವರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ಇದೆ. ಎಲ್ಲಿದೆ ಅನ್ನೋದು ಮಾತ್ರ ನೋಡಬೇಕು." ಆಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸುವುದು. ಅಲ್ಲಿ ಸಿಗದಿದ್ದರೆ ಹಳೆಯ ಗಿರಾಕಿಗಳಿಗೆ ಫೋನು, ಬೇರೆ ಊರಿನ ಅಂಗಡಿಗಳಿಗೆ ಕಾಗದ. ಚರ್ಮದ ಪಟ್ಟಿ ಸಿಗಲು ನಾಲ್ಕು ತಿಂಗಳಾಯಿತು. ಉದ್ದನೆಯ ಮ್ಯಾಗಜೀನಿಗೆ ಹತ್ತಿರ ಹತ್ತಿರ ಒಂದು ವರ್ಷ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಜಪಾನಿ ಕಲಿತದ್ದು ಹೋಟೆಲಿನ ಅಡುಗೆಮನೆಯಲ್ಲಿ, ಅದರಲ್ಲಿ ಅರ್ಧ ಬೈಗುಳ. ನಾನು ತಡವರಿಸಿ ಮಾತು ಮುಗಿಸುವವರೆಗೂ ಕಾಯುತ್ತಿದ್ದ ಮನುಷ್ಯ ಈ ದೇಶದಲ್ಲಿ ಅವರೊಬ್ಬರೇ. ತಮ್ಮ ಕರೆಯುವುದನ್ನು ಕೇಳಿ, ನನ್ನ ಹೆಸರೇ ಅದೆಂದುಕೊಂಡು, ಮರ್ಯಾದೆಯ "ಸಾನ್" ಸೇರಿಸಿ "ಅಣ್ಣ-ಸಾನ್" ಎನ್ನುತ್ತಿದ್ದರು. ನಾನು ತಿದ್ದಲಿಲ್ಲ.

ಮ್ಯಾಗಜೀನು ಸಿಕ್ಕ ವಾರದಲ್ಲೇ ಆಯುಧಪೂಜೆ ಬಂತು. ತಮ್ಮ ಆಫೀಸಿನಲ್ಲಿದ್ದ. ನನ್ನ ಚಾಕು, ಸೌಟು, ಅವನ ಬೈಕು, ಎಲ್ಲಕ್ಕೂ ಅರಿಸಿನ ಕುಂಕುಮ ಇಟ್ಟೆ. ಬಂದೂಕನ್ನೂ ಬಿಡಲಿಲ್ಲ. ಹಬ್ಬದ ದಿನ ಅಮ್ಮ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದದ್ದು ನೆನಪಾಗಿ ಮ್ಯಾಗಜೀನಿನ ಬಾಯಿಗೆ ನಾಲ್ಕು ತೊಟ್ಟು ಎಳ್ಳೆಣ್ಣೆ ಬಿಟ್ಟೆ. ತಮ್ಮ ಬರುವ ಮುಂಚೆ ಎಲ್ಲ ಒರೆಸಿಟ್ಟೆ. ಅದರೊಳಗೆ ಗುಂಡು ಚಿಮ್ಮಿಸುವ ಗ್ಯಾಸನ್ನು ಹಿಡಿದಿಡುವ ರಬ್ಬರ್ ಬಳೆ ಇರುತ್ತದೆ, ಅಡುಗೆ ಎಣ್ಣೆ ತಾಗಿದರೆ ಅದು ಉಬ್ಬಿ ಕೆಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಸ್ನೇಹಿತರ ಎದುರಿಗೇ ಗ್ಯಾಸೆಲ್ಲ ಸೋರಿತು. ತಮ್ಮ ನನ್ನನ್ನೂ ಕರೆದುಕೊಂಡು ನೇರ ಅಂಗಡಿಗೆ ಹೋಗಿ ಕೂಗಾಡಿದ. ಅವರು ಮ್ಯಾಗಜೀನು ಬಿಚ್ಚಿದರು. ರಬ್ಬರನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಸಂದಿಯಲ್ಲಿ ಉಳಿದಿದ್ದ ಕುಂಕುಮವನ್ನು ಕೆರೆದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಹಿಂದಿನ ತಿಂಗಳಷ್ಟೇ ನಾನು ತಮ್ಮನ ಉಣ್ಣೆಯ ಕೋಟನ್ನು ಬಿಸಿನೀರಿಗೆ ಹಾಕಿ ಹಾಳು ಮಾಡಿದ್ದೆ. ಗೊತ್ತಿಲ್ಲದ್ದನ್ನು ಮುಟ್ಟಬೇಡ ಎಂದು ಎಷ್ಟು ಸಲ ಹೇಳಲಿ ಎಂದು ರೇಗಿದ್ದ. ನಾನು ಎತ್ತಿ ಆಡಿಸಿದ ತಮ್ಮ. ಮತ್ತೊಮ್ಮೆ ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ.

ಅವರು ತಮ್ಮನ ಕಡೆ ತಿರುಗಿ ಸೊಂಟ ಬಗ್ಗಿಸಿ, "ಸುಮಿಮಾಸೆನ್, ಕ್ಷಮಿಸಿ. ರಬ್ಬರ್ ಹಾಳಾಗಿದೆ. ಕೊಡುವ ಮುಂಚೆ ನಾನು ನೋಡಬೇಕಾಗಿತ್ತು," ಎಂದರು.

ತಮ್ಮ ನನಗೆ ಕನ್ನಡದಲ್ಲಿ, "ನೋಡ್ದ್ಯಾ ಅಣ್ಣ? ಒಂದ್ ವರ್ಷ ಕಾಯಿಸಿ ಡಬ್ಬಾ ಪೀಸ್ ಕೊಟ್ಟಿದಾರೆ," ಎಂದ.

ನಾನು "ಹೂಂ" ಎಂದೆ.

ಅವನು ತನ್ನ ಆಟದ ಗುಂಪಿಗೆಲ್ಲ ಆ ಅಂಗಡಿಯ ಮಾಲು ಸರಿಯಿಲ್ಲವೆಂದು ಬರೆದ. ಗುಂಪಿನವರು ಅಲ್ಲಿಗೆ ಹೋಗುವುದು ನಿಲ್ಲಿಸಿದರು.

ಮಂಗಳವಾರ ಒಬ್ಬನೇ ಹೋಗಿ ತಪ್ಪೊಪ್ಪಿಕೊಂಡೆ. ಪೂಜೆ ಎಂದರೇನೆಂದು ನನ್ನ ಮುರುಕು ಜಪಾನಿಯಲ್ಲಿ ವಿವರಿಸಿದೆ. ಅವರು ನಕ್ಕರು. ಅವರ ತಾಯಿ ಬಟ್ಟೆ ಹೊಲಿಯುವವರಂತೆ. ವರ್ಷಕ್ಕೊಂದು ದಿನ ಮುರಿದ ಸೂಜಿಗಳನ್ನು ಪನೀರಿನಂಥ ಮೆತ್ತನೆಯ ತೋಫುವಿಗೆ ಚುಚ್ಚಿ ಕೈಮುಗಿಯುತ್ತಿದ್ದರಂತೆ. ಆಮೇಲೆ ಆ ತೋಫು ತಿನ್ನಬಹುದಾ ಎಂದು ಕೇಳಿ ಇವರು ಏಟು ತಿಂದರಂತೆ. ಹೀಗೆ ಹೇಳುತ್ತಲೇ ಹೊಸ ರಬ್ಬರ್ ಕೂರಿಸಿ, ಸಿಲಿಕಾನ್ ಎಣ್ಣೆಯ ಪುಟ್ಟ ಬಾಟಲಿಯೊಂದನ್ನು ಮುಂದಿಟ್ಟು, "ಮುಂದಿನ ಹಬ್ಬಕ್ಕೆ ಇದು," ಎಂದರು.

ತಪ್ಪನ್ನು ನೀವೇಕೆ ಮೈಮೇಲೆ ಹಾಕಿಕೊಂಡಿರಿ ಎಂದು ಕೇಳಿದೆ.

"ನೀವು ಅವನಿಗಿಂತ ದೊಡ್ಡವರು. ಹೊರಗಿನವರ ಮುಂದೆ ಬೈಸಿಕೊಳ್ಳಬಾರದು. ಮನೆಯಲ್ಲಿ ನೀವೇ ಹೇಳಿ."

ಹೇಳುತ್ತೇನೆಂದು ಬಂದೆ. ಹೇಳಲಿಲ್ಲ. ಆಮೇಲೂ ಮಂಗಳವಾರ ಹೋಗುತ್ತಿದ್ದೆ; ಅವರು ಚಹಾ ಕೊಡುತ್ತಿದ್ದರು. ಒಮ್ಮೆ ಮಾತ್ರ, ತಮ್ಮನಿಗೆ ಹೇಳಿದಿರಾ ಎಂದು ಕೇಳಿದರು. ಹೇಳಿದೆ ಎಂದೆ. ಸಂತೋಷಪಟ್ಟರು. ಹಾಗಿದ್ದರೆ ತಮ್ಮನ ಗುಂಪಿನವರು ಇನ್ನೂ ಏಕೆ ಬರುತ್ತಿಲ್ಲ ಎಂದು ಅವರು ಕೇಳಬಹುದಾಗಿತ್ತು. ಕೇಳಲಿಲ್ಲ.

ಮರುವರ್ಷ ಬೇಸಿಗೆಯ ಕೊನೆಗೆ ಅಂಗಡಿಗೆ ಬಾಗಿಲು ಹಾಕಿತ್ತು. ಅವರು ತೀರಿಕೊಂಡರೆಂದು ಕೆಳಗಿನ ಲಾಂಡ್ರಿಯ ಹೆಂಗಸು ಹೇಳಿದಳು.

ಆ ಶನಿವಾರ ಬೆಳಿಗ್ಗೆ ತಮ್ಮ ಕಾಫಿ ಸೋಸುತ್ತಿದ್ದಾಗ ಎಲ್ಲ ಹೇಳಿದೆ.

"ಅಷ್ಟೇನಾ ಅಣ್ಣ? ಅವತ್ತೇ ಹೇಳಿದ್ರೆ ಎರಡು ಮಾತು ಬೈದು ಸುಮ್ನಾಗ್ತಿದ್ದೆ," ಎಂದ. ಲೋಟ ನನ್ನ ಕೈಗಿಟ್ಟ. ಆಮೇಲೆ ಸಣ್ಣ ದನಿಯಲ್ಲಿ, "ನಾನ್ ಅವರಿಗೆ ಏನೇನ್ ಅಂದೆ," ಎಂದ.

ಅಲ್ಲೇ ಕೂತು ಗುಂಪಿಗೆ ಬರೆದ: ತಪ್ಪು ನಮ್ಮ ಮನೆಯದು, ಅವರದಲ್ಲ. ಒಂದೊಂದೇ ಉತ್ತರ ಬರತೊಡಗಿತು. ಒಬ್ಬನಿಗೆ ಅವರು ಮರದ ಹಿಡಿ ಹುಡುಕಿಕೊಟ್ಟಿದ್ದರಂತೆ. ಇನ್ನೊಬ್ಬನ ಮುರಿದ ಬಕಲ್ಲನ್ನು ಮೂರು ಸಲ ಬೆಸೆದುಕೊಟ್ಟಿದ್ದರಂತೆ. ಮತ್ತೊಬ್ಬ, ಹೋಗಿ ಕ್ಷಮೆ ಕೇಳಬೇಕು, ಅಂಗಡಿ ಯಾವಾಗ ತೆರೆದಿರುತ್ತದೆ ಎಂದು ಕೇಳಿದ್ದ. ತಮ್ಮ ಪ್ರತಿಯೊಂದನ್ನೂ ಕನ್ನಡಕ್ಕೆ ಮಾಡಿ ನನಗೆ ಓದಿಹೇಳಿದ. ಅವರು ಕೇಳಬೇಕಾಗಿದ್ದ ಮಾತುಗಳನ್ನು ನಾನು ಕೂತು ಕೇಳಿದೆ.