ದರ್ಜಿಗೆ ಬಿದ್ದ ಒಂದೇ ಮತ

ನೇಸರಗಿಯಲ್ಲಿ ನಮ್ಮ ಪಕ್ಕದ ಮನೆಯ ದರ್ಜಿ ಪ್ರತಿ ವಿಧಾನಸಭೆ ಚುನಾವಣೆಗೂ ಪಕ್ಷೇತರನಾಗಿ ನಿಲ್ಲುತ್ತಿದ್ದ. ಸೋತಾಗಲೆಲ್ಲ ಕೊರಳಿನ ಟೇಪು ಎಳೆದುಕೊಳ್ಳುತ್ತ, "ಅಳತಿ ಸ್ವಲ್ಪ ತಪ್ಪೇತ್ರಿ ಅಕ್ಕಾರ" ಎನ್ನುತ್ತಿದ್ದ.

ಆಗಿನ್ನೂ ಮತಪತ್ರದ ಕಾಲ. ಒಂದು ಸಲ ನಮ್ಮೂರ ಪೆಟ್ಟಿಗೆಯಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಮತ. ಹೆಂಡತಿಯ ಮೇಲೆ ಹರಿಹಾಯ್ದ: "ಆ ಒಂದು ನಂದ. ಅಂದ್ರ ನೀ ನನಗ ಹಾಕಿಲ್ಲ!"

ಸಿಟ್ಟಾದ ಆಕೆ ಊಟ ಬಡಿಸುವುದನ್ನೇ ನಿಲ್ಲಿಸಿ, ನ್ಯಾಯ ಹೇಳಲು ನನ್ನನ್ನು ಕರೆದಳು.

"ನಿನ್ನ ಓಟು ನೀ ಹಾಕೀಯೋ ಇಲ್ಲೋ?" ಎಂದೆ.

ಅವನು ಜೇಬಿನಿಂದ ಮಡಚಿದ ಮತಪತ್ರ ತೆಗೆದ. "ನನ್ನ ಹೆಸರ ಅಚ್ಚಾಗಿತ್ರಿ ಅಕ್ಕಾರ. ಡಬ್ಬ್ಯಾಗ ಹಾಕಾಕ ಮನಸ್ಸ ಬರಲಿಲ್ಲ. ಶಿಕ್ಕಾ ಒತ್ತಿದ್ರ ಓಟು ಬಿದ್ದಂಗ ಅಂದ್ಕೊಂಡಿದ್ದೆ."

"ಹಂಗಾರ ಆ ಒಂದು ಓಟು ನಂದರೀ!" ಎಂದು ಹೆಂಡತಿ ಕುಣಿದಳು.

ಅವನು ನನ್ನತ್ತ ತಿರುಗಿದ. "ಅಕ್ಕಾರ, ನನಗ ಹಾಕತೇನಿ ಅಂದಿದ್ರಲ್ಲ, ನಿಮ್ಮ ಓಟು ಎಲ್ಲಿ ಹೋತ್ರಿ?"

ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ನನಗೆ ತಟ್ಟನೆ ನೆನಪಾಯಿತು.