ಅರ್ಧ ಉಣ್ಣೆಯ ಟಗರು

ಹರಿಯಬ್ಬೆ ಕಡೆಯ ಚಿತ್ತಯ್ಯನ ಕೈಯಲ್ಲಿ ಕತ್ತರಿ ಆಡಿದರೆ ಕುರಿಗೆ ನಿದ್ದೆ ಬರುತ್ತದೆ ಅನ್ನುತ್ತಿದ್ದರು. ಸುಳ್ಳಲ್ಲ. ಕಾಲು ಕಟ್ಟಿ ಕೆಡವಿದ ಕುರಿ ಅವನ ಮೊಣಕಾಲಿಗೆ ತಲೆ ಕೊಟ್ಟು ಕಣ್ಣು ಮುಚ್ಚುತ್ತಿತ್ತು. ಉಣ್ಣೆ, ಹೆಗಲಿಂದ ಕಂಬಳಿ ಜಾರಿದ ಹಾಗೆ, ಒಂದೇ ಹಾಳೆಯಾಗಿ ಇಳಿಯುತ್ತಿತ್ತು.

ಮನೆಯಲ್ಲಿದ್ದದ್ದು ನಲವತ್ತು ಕುರಿ. ಮಂದೆ ಕಾಯುವವನು ಅಣ್ಣ ಪಾಲಣ್ಣ, ಹೊಲ ನೋಡುವವನು ಚಿತ್ತಯ್ಯ. ಆದರೆ ಉಣ್ಣೆ ಕತ್ತರಿಸುವ ದಿನ ಟಗರಿನ ಹಣೆಗೆ ಅರಿಸಿನ ಹಚ್ಚಿ ಮೊದಲ ಕತ್ತರಿ ಇಡುವವನು ಚಿತ್ತಯ್ಯನೇ. ಹದಿನೆಂಟು ವರ್ಷದಿಂದ ಹಾಗೇ. ಆ ಮೊದಲ ಉಣ್ಣೆಯನ್ನು ಕುರಿ ಕೂಡುವ ರೊಪ್ಪದ ಬಾಗಿಲಿಗೆ ಕಟ್ಟಿದರೆ ಮಂದೆ ಹೆಚ್ಚುತ್ತದೆಂದು ನಂಬಿಕೆ.

ಎಪ್ಪತ್ತಾರನೇ ಇಸವಿಯಲ್ಲಿ ಗಂಡಸರಿಗೆ ಮಕ್ಕಳಾಗದ ಆಪರೇಷನ್ ಮಾಡಿಸಲು ಜೀಪು ಬಂತು. ಮನೆಗೊಬ್ಬ ಹತ್ತಲೇಬೇಕು ಅಂದರು. ಪಾಲಣ್ಣನಿಗೆ ಮೂರೂ ಹೆಣ್ಣು. ಅತ್ತಿಗೆ ಕಾಟಮ್ಮ ಮೈದುನನ ಮುಂದೆ ಸೆರಗೊಡ್ಡಿದಳು.

"ನಿಂಗೆ ಎರಡು ಗಂಡುಮಕ್ಳವೆ ಚಿತ್ತಯ್ಯ. ನಿಮ್ಮಣ್ಣನ ಬದ್ಲು ನೀನು ಹೋಗಿ ಬಾರಪ್ಪ. ಯಾರಿಗೂ ಕಾಣ್ದಂಗೆ ಹಿತ್ಲಾಗಿಂದ ಹೋಗು."

ಹೋದ. ಕಾಣದೇ ಇರುತ್ತದೆಯೇ? ಅವನು ಮರಳಿ ಬರುವ ಮೊದಲೇ ಸುದ್ದಿ ಊರು ಸುತ್ತಿತ್ತು.

ಮರುವರ್ಷ ಕಾಟಮ್ಮ ಗಂಡು ಹೆತ್ತಳು. ದೀಪಾವಳಿ ಕಳೆದು, ಕುರಿಗಳನ್ನು ಹಳ್ಳದಲ್ಲಿ ಮೀಸಿ ಒಣಗಿಸಿ, ಉಣ್ಣೆ ಕತ್ತರಿಸುವ ದಿನ ಬಂತು. ಚಿತ್ತಯ್ಯ ಪಂಚೆ ಎತ್ತಿಕಟ್ಟಿ ಕತ್ತರಿಗೆ ಕೈ ಹಾಕಿದ. ಕೈಜೋಡಿಸಲು ಬಂದಿದ್ದ ಪಕ್ಕದ ಮನೆಯ ಗುಡ್ಡಪ್ಪ ಬೀಡಿ ತೆಗೆದು ನಕ್ಕ.

"ಕತ್ತರಿ ಬಿದ್ದೋನು ಕತ್ತರಿ ಇಟ್ರೆ ಕುರಿ ಈದಾವೇನ್ರಪ್ಪ?"

ಎಲ್ಲರೂ ನಕ್ಕರು. ಚಿತ್ತಯ್ಯನೂ ನಕ್ಕ. ಕಾಟಮ್ಮ ಮಾತ್ರ ನಗಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು ಮುಂದೆ ಬಂದಳು.

"ಬ್ಯಾಸರ ಮಾಡ್ಕಬ್ಯಾಡ ಚಿತ್ತಯ್ಯ. ಟಗರಿಗೆ ನಿಮ್ಮಣ್ಣ ಕತ್ತರಿ ಇಡ್ಲಿ. ಬೀಜ ಒಡೆದವು ನಾಕು ಅವೆ ನೋಡು, ನೀನು ಅವನ್ನ ಕತ್ತರಿಸು."

"ಜಾತಿಗೆ ಜಾತಿ ಸೇರ್ತು ಬಿಡವ್ವ!" ಅಂದ ಗುಡ್ಡಪ್ಪ.

ಚಿತ್ತಯ್ಯ ಅಣ್ಣನ ಮುಖ ನೋಡಿದ. ಒಂದು ಮಾತು ಬಂದೀತೆಂದು ಕಾದ. ಪಾಲಣ್ಣ ಟಗರಿನ ಕಾಲು ಕಟ್ಟುತ್ತಿದ್ದವನು ಬಗ್ಗಿಸಿದ ತಲೆ ಎತ್ತಲಿಲ್ಲ.

ಚಿತ್ತಯ್ಯ ಮೂಲೆಗೆ ಹೋಗಿ ಕೂತ. ನಾಲ್ಕು ಕುರಿ, ನಾಲ್ಕು ಹಾಳೆ ಉಣ್ಣೆ, ಒಂದು ಗೀರಿಲ್ಲ. ಅತ್ತ ಪಾಲಣ್ಣನ ಕತ್ತರಿ ಚರ್ಮ ಕಚ್ಚಿ ಟಗರು ಒದ್ದಾಡಿತು, ಹಣೆಯ ಅರಿಸಿನದ ಮೇಲೂ ರಕ್ತ ಸಿಡಿಯಿತು. ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಹಗ್ಗ ಕಿತ್ತುಕೊಂಡು ಎದ್ದಿತು.

ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ ಪಾಲಣ್ಣ ತಮ್ಮನ ಹತ್ತಿರ ಬಂದ.

"ಲೇ ತಮ್ಮಾ, ನನ್ ಕೈಲಾಗಲ್ಲ. ಇನ್ನೊಂದು ಮಗ್ಗುಲು ನೀನೇ ತೆಗಿ. ಯಾರಿಗೂ ಕಾಣ್ದಂಗೆ ರೊಪ್ಪದ ಹಿಂದಕ್ಕೆ ಹೊಡ್ಕಂಬತ್ತೀನಿ."

"ಯಾರಿಗೂ ಕಾಣ್ದಂಗೆ ಒಂದ್ಸಲ ಹೋಗ್ಬಂದೀನಲ್ಲಣ್ಣ" ಅಂದ ಚಿತ್ತಯ್ಯ. "ಅಷ್ಟೇ ಸಾಕು."

ಕತ್ತರಿಯನ್ನು ಪಂಚೆಯ ತುದಿಯಲ್ಲಿ ಒರೆಸಿ ಅಣ್ಣನ ಕೈಗಿಟ್ಟು ಹೊಲದ ಕಡೆ ನಡೆದ.

ಆ ಚಳಿಗಾಲವೆಲ್ಲ ಟಗರು ಹಾಗೇ ತಿರುಗಿತು. ಒಂದು ಮಗ್ಗುಲು ಉಣ್ಣೆ, ಒಂದು ಮಗ್ಗುಲು ಗಾಯ. ಕೇಳಿದವರಿಗೆ ಪಾಲಣ್ಣ, "ಕಜ್ಜಿ ಆಗೈತೆ" ಅನ್ನುತ್ತಿದ್ದ. ಟಗರಿಗೆ ಇದೆಲ್ಲ ಏನು ಗೊತ್ತು? ದಾರಿಯಲ್ಲಿ ಚಿತ್ತಯ್ಯ ಕಂಡರೆ ಓಡಿಬಂದು ಅವನ ಮೊಣಕಾಲಿಗೆ ತಲೆ ಕೊಡುತ್ತಿತ್ತು. ಅವನು ಕಾಲು ಸರಿಸಿಕೊಂಡು ಮುಂದೆ ಹೋಗುತ್ತಿದ್ದ.